ಲಾಗಿನ್ ಆದರೆ ನೋಡ್ ಸಿಗುತ್ತೆ, ಎಸ್‌ಎಸ್‌ಎಚ್‌ನಲ್ಲಿ ಕಮಾಂಡ್ ಕಳಿಸಿದರೆ ಸಿಗಲ್ಲ: ಯಾವ ಫೈಲ್‌ನಲ್ಲಿ ಏನು ಬರೆಯಬೇಕು?

ತುಂಗಾತೀರ

ಉಬುಂಟು 22.04 ಸರ್ವರ್ ಒಂದಿದೆ. ಎನ್‌ವಿಎಂ (ನೋಡ್ ಆವೃತ್ತಿಗಳನ್ನು ನೋಡಿಕೊಳ್ಳುವ ಸಾಧನ) ಮೂಲಕ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 20 ಹಾಕಿದ್ದೇನೆ, ಜೊತೆಗೆ ಆ ಪ್ರೋಗ್ರಾಮ್‌ಗಳನ್ನು ಸದಾ ಓಡುತ್ತಿರುವಂತೆ ಇಡುವ ಪಿಎಂ2. ಸರ್ವರ್‌ಗೆ ಲಾಗಿನ್ ಆಗಿ "ನೋಡ್ -ವಿ" ಅಂತ ಕೊಟ್ಟರೆ ಆವೃತ್ತಿ ಸರಿಯಾಗಿ ಬರುತ್ತೆ. ಅದೇ ಕಮಾಂಡನ್ನು ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ (ದೂರದ ಮಷೀನ್‌ಗೆ ಸುರಕ್ಷಿತ ಸಂಪರ್ಕ) ಮೂಲಕ "ಎಸ್‌ಎಸ್‌ಎಚ್ ಸರ್ವರ್ ನೋಡ್ -ವಿ" ಅಂತ ಒಂದೇ ಸಾಲಿನಲ್ಲಿ ಕಳಿಸಿದರೆ "ನೋಡ್: ಕಮಾಂಡ್ ನಾಟ್ ಫೌಂಡ್", ಎಕ್ಸಿಟ್ ಕೋಡ್ 127.

ಯೂಸರ್ ಒಬ್ಬನೇ, ಸರ್ವರ್ ಒಂದೇ. .ಬ್ಯಾಶ್‌ಆರ್‌ಸಿ (ಕಮಾಂಡ್ ಓಡಿಸುವ ಬ್ಯಾಶ್ ಶೆಲ್‌ನ ಸ್ಟಾರ್ಟಪ್ ಫೈಲ್) ಕೊನೆಯಲ್ಲಿ ಎನ್‌ವಿಎಂನ ಮೂರು ಸಾಲು ಇವೆ. ಅವನ್ನೇ .ಪ್ರೊಫೈಲ್‌ಗೂ ಹಾಕಿ ನೋಡಿದೆ, ವ್ಯತ್ಯಾಸ ಆಗಲಿಲ್ಲ. ಹೊಸ ಕೋಡ್ ಏರಿಸುವ ಸ್ಕ್ರಿಪ್ಟ್ ಇದರ ಮೇಲೆ ನಿಂತಿದೆ. ಯಾವ ಫೈಲ್ ಯಾವಾಗ ಓದಲಾಗುತ್ತೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

ಹಳೇಬೇರು

ಮೊದಲು ಯಾವ ಫೈಲನ್ನೂ ತಿದ್ದಬೇಡಿ. ನಿಮಗೆ ಸಿಕ್ಕ ಶೆಲ್ ಎಂಥದ್ದು ಅಂತ ಕೇಳಿ ನೋಡಿ:

ಎಸ್‌ಎಸ್‌ಎಚ್ ಸರ್ವರ್ 'ಎಕೋ $-; ಶಾಪ್ಟ್ ಲಾಗಿನ್_ಶೆಲ್; ಎಕೋ $ಪಾತ್'

ಸಿಂಗಲ್ ಕೋಟ್ ಮರೆಯಬೇಡಿ. ಡಬಲ್ ಕೋಟ್ ಹಾಕಿದರೆ ನಿಮ್ಮ ಲ್ಯಾಪ್‌ಟಾಪಿನ ಪಾತ್ (ಕಮಾಂಡ್ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಅನ್ನೇ ಸರ್ವರ್‌ನದ್ದು ಅಂತ ಓದಿಕೊಂಡು ಕೂರ್ತೀರಿ. ಡಾಲರ್ ಚಿಹ್ನೆಯನ್ನು ಲೋಕಲ್ ಶೆಲ್ಲೇ ಬಿಡಿಸಿ ಕಳಿಸಿಬಿಡುತ್ತೆ.

ಉತ್ತರದ ಮೊದಲ ಸಾಲಿನಲ್ಲಿ ಐ ಅಕ್ಷರ ಇದೆಯಾ ನೋಡಿ. ಇದ್ದರೆ ಇಂಟರಾಕ್ಟಿವ್ (ಮನುಷ್ಯ ಕೂತು ಟೈಪ್ ಮಾಡುವ ಶೆಲ್), ಇಲ್ಲದಿದ್ದರೆ ಅಲ್ಲ. ಎರಡನೇ ಸಾಲು ಲಾಗಿನ್ ಶೆಲ್ ಹೌದೋ ಅಲ್ಲವೋ ಹೇಳುತ್ತೆ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಜಾಸ್ತಿ ಜನ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಗೊಂದಲ ಶುರುವಾಗುತ್ತೆ.

ತುಂಗಾತೀರ

ಬಂದದ್ದು ಇದು: "ಎಚ್‌ಬಿಸಿ", "ಲಾಗಿನ್_ಶೆಲ್ ಆಫ್". ಪಾತ್‌ನಲ್ಲಿ /ಯುಎಸ್‌ಆರ್/ಲೋಕಲ್/ಬಿನ್, /ಯುಎಸ್‌ಆರ್/ಬಿನ್, /ಸ್ನ್ಯಾಪ್/ಬಿನ್ ಎಲ್ಲ ಇವೆ. ಎನ್‌ವಿಎಂ ಸುಳಿವೇ ಇಲ್ಲ. ನನ್ನ ಹೋಮ್‌ನ .ಲೋಕಲ್/ಬಿನ್ ಕೂಡ ಇಲ್ಲ.

ಹಳೇಬೇರು

ಹಾಗಾದರೆ ಚಿತ್ರ ಸ್ಪಷ್ಟ. ಇಂಟರಾಕ್ಟಿವ್ ಅಲ್ಲ, ಲಾಗಿನ್ ಶೆಲ್ಲೂ ಅಲ್ಲ.

ಕಮಾಂಡ್ ಇಲ್ಲದೆ ಸುಮ್ನೆ "ಎಸ್‌ಎಸ್‌ಎಚ್ ಸರ್ವರ್" ಅಂದಾಗ ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಮ್) ನಿಮ್ಮ ಶೆಲ್ಲನ್ನು ಲಾಗಿನ್ ಶೆಲ್ ಆಗಿ ಎಬ್ಬಿಸುತ್ತೆ. ಬ್ಯಾಶ್ ಮೊದಲು /ಇಟಿಸಿ/ಪ್ರೊಫೈಲ್ ಓದುತ್ತೆ. ಆಮೇಲೆ ಹೋಮ್‌ನಲ್ಲಿ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಇವುಗಳನ್ನು ಇದೇ ಕ್ರಮದಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಮಾತ್ರ ಓದುತ್ತೆ. ಉಬುಂಟುವಿನಲ್ಲಿ ಬರುವ .ಪ್ರೊಫೈಲ್ ತಾನಾಗಿಯೇ .ಬ್ಯಾಶ್‌ಆರ್‌ಸಿಯನ್ನು ಎಳೆದುಕೊಳ್ಳುತ್ತೆ, .ಲೋಕಲ್/ಬಿನ್ ಅನ್ನೂ ಪಾತ್‌ಗೆ ಸೇರಿಸುತ್ತೆ. ಅದಕ್ಕೇ ಲಾಗಿನ್ ಆದಾಗ ಎಲ್ಲ ಸಿಗುತ್ತೆ. (ಯಾವುದಾದರೂ ಇನ್‌ಸ್ಟಾಲರ್ ಹೊಸದಾಗಿ .ಬ್ಯಾಶ್_ಪ್ರೊಫೈಲ್ ಸೃಷ್ಟಿಸಿದರೆ ಆವತ್ತಿನಿಂದ .ಪ್ರೊಫೈಲ್ ಓದುವುದೇ ನಿಂತುಹೋಗುತ್ತೆ. ಇದು ತುಂಬ ಜನರನ್ನು ಕಾಡಿದೆ.)

ಕಮಾಂಡ್ ಜೊತೆ ಕಳಿಸಿದರೆ ಎಸ್‌ಎಸ್‌ಎಚ್‌ಡಿ ಮಾಡುವುದು "ಬ್ಯಾಶ್ -ಸಿ ನಿಮ್ಮ ಕಮಾಂಡ್". ಲಾಗಿನ್ ಶೆಲ್ ಅಲ್ಲದ್ದರಿಂದ .ಪ್ರೊಫೈಲ್ ಓದುವ ಪ್ರಶ್ನೆಯೇ ಬರಲ್ಲ. ನೀವು ಅಲ್ಲಿ ಹಾಕಿದ ಸಾಲುಗಳು ಕೆಲಸಕ್ಕೆ ಬಾರದಿರುವುದು ಇದಕ್ಕೇ.

ಇನ್ನು .ಬ್ಯಾಶ್‌ಆರ್‌ಸಿ ವಿಷಯ. ನಿಯಮದ ಪ್ರಕಾರ ಬ್ಯಾಶ್ ಅದನ್ನು ಇಂಟರಾಕ್ಟಿವ್ ಶೆಲ್‌ಗೆ ಮಾತ್ರ ಓದಬೇಕು. ಆದರೆ ಒಂದು ವಿನಾಯಿತಿ ಇದೆ. ತನ್ನನ್ನು ನೆಟ್‌ವರ್ಕ್ ಮೂಲಕ, ಅಂದರೆ ಹಳೆಯ ಆರ್‌ಎಸ್‌ಎಚ್‌ಡಿ ಅಥವಾ ಎಸ್‌ಎಸ್‌ಎಚ್‌ಡಿ ಎಬ್ಬಿಸಿದೆ ಅಂತ ಗೊತ್ತಾದರೆ ಬ್ಯಾಶ್ .ಬ್ಯಾಶ್‌ಆರ್‌ಸಿ ಓದುತ್ತೆ. ಎಸ್‌ಎಸ್‌ಎಚ್ ಗುರುತಿಸುವ ಕೆಲಸ ಬ್ಯಾಶ್ ಕಂಪೈಲ್ ಮಾಡುವಾಗಿನ ಆಯ್ಕೆ. ಡೆಬಿಯನ್, ಉಬುಂಟುಗಳಲ್ಲಿ ಅದು ಆನ್ ಆಗಿದೆ. ಎಸ್‌ಎಸ್‌ಎಚ್_ಕ್ಲೈಂಟ್ ವೇರಿಯಬಲ್ ಇದೆಯಾ, ಇದು ಮೊದಲ ಹಂತದ ಶೆಲ್ಲಾ ಅಂತ ನೋಡಿ ತೀರ್ಮಾನ ಮಾಡುತ್ತೆ.

ಅಂದರೆ ನಿಮ್ಮ .ಬ್ಯಾಶ್‌ಆರ್‌ಸಿ ಓದಲಾಗುತ್ತಿದೆ! ಆದರೂ ನೋಡ್ ಸಿಗುತ್ತಿಲ್ಲ ಯಾಕೆ? ಆ ಫೈಲಿನ ಮೊದಲ ಹತ್ತು ಸಾಲು ತೆರೆದು ನೋಡಿ.

ತುಂಗಾತೀರ

ನೋಡಿದೆ. "$-" ಒಳಗೆ ಐ ಇಲ್ಲದಿದ್ದರೆ ರಿಟರ್ನ್ ಅನ್ನುವ ಒಂದು ಕೇಸ್ ಇದೆ. ಎನ್‌ವಿಎಂ ಸಾಲುಗಳು ಅದಕ್ಕಿಂತ ಎಷ್ಟೋ ಕೆಳಗಿವೆ. ಅಂದರೆ ಶೆಲ್ ಅಲ್ಲಿವರೆಗೆ ಹೋಗುವುದೇ ಇಲ್ಲ, ಅಲ್ವಾ?

ಹಳೇಬೇರು

ಅಷ್ಟೇ. ಎನ್‌ವಿಎಂ, ಪಿಪ್‌ಎಕ್ಸ್, ಇನ್ನೂ ಎಷ್ಟೋ ಇನ್‌ಸ್ಟಾಲರ್‌ಗಳು ತಮ್ಮ ಸಾಲನ್ನು ಫೈಲಿನ ಕೊನೆಗೆ ಅಂಟಿಸುತ್ತವೆ. ಉಬುಂಟುವಿನ ಕಾವಲು ಸಾಲು, ಅಂದರೆ ಆ ರಿಟರ್ನ್ ಕೇಸ್, ಮೇಲಿದೆ. ಅದರ ಕೆಳಗಿರುವುದೆಲ್ಲ ಮನುಷ್ಯ ಕೂತು ಟೈಪ್ ಮಾಡುವ ಶೆಲ್‌ಗೆ ಮಾತ್ರ.

ನನ್ನ ಸಲಹೆ: ಪಾತ್ ಹಾಗೂ ಎಕ್ಸ್‌ಪೋರ್ಟ್ ಮಾಡುವ ವೇರಿಯಬಲ್‌ಗಳು ಕಾವಲಿನ ಮೇಲೆ. ಪ್ರಾಂಪ್ಟ್, ಬಣ್ಣ, ಅಲಿಯಾಸ್, ಕಂಪ್ಲೀಷನ್, ತೆರೆಯ ಮೇಲೆ ಏನಾದರೂ ಅಚ್ಚು ಮಾಡುವಂಥದ್ದು ಕಾವಲಿನ ಕೆಳಗೆ. ಕಾವಲನ್ನು ತೆಗೆದುಹಾಕಬೇಡಿ. ಅದು ಇರುವುದಕ್ಕೆ ಗಟ್ಟಿ ಕಾರಣ ಇದೆ.

ಜೋಳದಹೊಲ

ಹಳೇಬೇರು ಸರ್ ಕಾರಣ ಸರಿಯಾಗಿ ಬಿಡಿಸಿದರು. ಪರಿಹಾರದ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ ರೀ. ಕೋಡ್ ಏರಿಸುವ ಸ್ಕ್ರಿಪ್ಟ್ ಒಬ್ಬ ಯೂಸರ್‌ನ .ಬ್ಯಾಶ್‌ಆರ್‌ಸಿ ನಂಬಿ ಓಡಬಾರದು. ನಾಳೆ ಯಾರೋ ಆ ಫೈಲ್ ತಿದ್ದುತ್ತಾರೆ, ಅಥವಾ ಶೆಲ್ ಬದಲಾಯಿಸುತ್ತಾರೆ, ಅಥವಾ ಎಸ್‌ಎಸ್‌ಎಚ್ ಜಾಗದಲ್ಲಿ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕಮಾಂಡ್ ಓಡಿಸುವ ಸೇವೆ) ಬರುತ್ತೆ. ಕ್ರಾನ್‌ಗೆ ಈ ವಿನಾಯಿತಿ ಯಾವುದೂ ಇಲ್ಲ. ಆಗ ಮತ್ತೆ ಇದೇ ಗೋಳು. ಸ್ಕ್ರಿಪ್ಟಿನಲ್ಲೇ ಪೂರ್ತಿ ದಾರಿ ಬರೆಯಿರಿ, ಏನು ಬೇಕೋ ಅದು ಕಣ್ಣಿಗೆ ಕಾಣುವ ಹಾಗೆ ಇರಲಿ.

ತುಂಗಾತೀರ

ಪೂರ್ತಿ ದಾರಿ ಕೊಟ್ಟು ಪಿಎಂ2 ಓಡಿಸಿ ನೋಡಿದೆ. ಈಗ ಬೇರೆ ದೂರು: "/ಯುಎಸ್‌ಆರ್/ಬಿನ್/ಎನ್ವ್: ನೋಡ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ".

ಜೋಳದಹೊಲ

ಹೌದು, ಅದು ಬರಬೇಕಾದ್ದೇ. ಪಿಎಂ2 ಅನ್ನುವುದು ಒಂದು ಜಾವಾಸ್ಕ್ರಿಪ್ಟ್ ಫೈಲ್. ಅದರ ಮೊದಲ ಸಾಲು "ಎನ್ವ್ ಮೂಲಕ ನೋಡ್ ಹುಡುಕಿ ನನ್ನನ್ನು ಓಡಿಸು" ಅನ್ನುತ್ತೆ. ಪಿಎಂ2 ದಾರಿ ಕೊಟ್ಟರೂ ನೋಡ್ ದಾರಿ ಪಾತ್‌ನಲ್ಲಿ ಇಲ್ಲವಲ್ಲ. ಅದಕ್ಕೆ ಸ್ಕ್ರಿಪ್ಟಿನ ಶುರುವಿನಲ್ಲೇ ಎನ್‌ವಿಎಂನ ಬಿನ್ ಡೈರೆಕ್ಟರಿಯನ್ನು ಪಾತ್‌ಗೆ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಅಥವಾ ಸ್ಕ್ರಿಪ್ಟ್ ಒಳಗೇ ಎನ್‌ವಿಎಂ.ಎಸ್‌ಎಚ್ ಫೈಲನ್ನು ಸೋರ್ಸ್ ಮಾಡಿ (ಅದೇ ಶೆಲ್‌ನೊಳಗೆ ಓದಿಸಿ), ಆಮೇಲೆ "ಎನ್‌ವಿಎಂ ಯೂಸ್ 20". ಎರಡನೆಯದು ನನಗೆ ಇಷ್ಟ. ನೋಡ್‌ನ ಸಣ್ಣ ಆವೃತ್ತಿ ಬದಲಾದರೆ ಡೈರೆಕ್ಟರಿ ಹೆಸರೂ ಬದಲಾಗುತ್ತೆ, ಆ ತಲೆನೋವು ಇಲ್ಲಿ ಇರಲ್ಲ.

ಇನ್ನೊಂದು ಮಾತು. ಎನ್‌ವಿಎಂ ಅನ್ನುವುದು ಪ್ರೋಗ್ರಾಮ್ ಅಲ್ಲ, ಶೆಲ್ ಫಂಕ್ಷನ್. ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್ ಮಗು ಪ್ರಾಸೆಸ್‌ಗೆ ಇಳಿಯುತ್ತೆ, ಫಂಕ್ಷನ್ ಹಾಗೆ ಇಳಿಯಲ್ಲ. ಹಾಗಾಗಿ .ಬ್ಯಾಶ್‌ಆರ್‌ಸಿಯಲ್ಲಿ ಎನ್‌ವಿಎಂ ಎಲ್ಲೇ ಇರಲಿ, ಅಲ್ಲಿಂದ ಓಡುವ ಇನ್ನೊಂದು ಸ್ಕ್ರಿಪ್ಟ್ ಒಳಗೆ "ಎನ್‌ವಿಎಂ ಯೂಸ್" ಸಿಗಲ್ಲ. ಅಲಿಯಾಸ್ ಕತೆ ಇನ್ನೂ ಕಷ್ಟ. ಇಂಟರಾಕ್ಟಿವ್ ಅಲ್ಲದ ಬ್ಯಾಶ್‌ನಲ್ಲಿ ಅಲಿಯಾಸ್ ಬರೆದಿದ್ದರೂ ಬಿಚ್ಚಿಕೊಳ್ಳಲ್ಲ. "ಶಾಪ್ಟ್ -ಎಸ್ ಎಕ್ಸ್‌ಪ್ಯಾಂಡ್_ಅಲಿಯಾಸಸ್" ಹಾಕಿದರೆ ಮಾತ್ರ.

ಹಳೇಬೇರು

ಜೋಳದಹೊಲ ಹೇಳಿದ್ದು ಸ್ಕ್ರಿಪ್ಟ್‌ಗಳಿಗೆ ನೂರಕ್ಕೆ ನೂರು ಸರಿ. ಒಪ್ಪಿದೆ. ಆದರೆ ಎಲ್ಲ ಸಲ ಸ್ಕ್ರಿಪ್ಟ್ ನಮ್ಮ ಕೈಯಲ್ಲಿ ಇರಲ್ಲ. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್ ತೆಗೆದುಕೊಳ್ಳಿ. ನೀವು ಎಸ್‌ಎಸ್‌ಎಚ್ ಮೂಲಕ ಪುಶ್ ಮಾಡಿದಾಗ ಆ ಕಡೆ ಗಿಟ್-ರಿಸೀವ್-ಪ್ಯಾಕ್ ಅನ್ನುವ ಕಮಾಂಡ್ ಓಡಬೇಕು. ಸರ್ವರ್‌ನಲ್ಲಿ ಗಿಟ್ ಹೋಮ್ ಡೈರೆಕ್ಟರಿಯಲ್ಲಿದ್ದರೆ ಅದು ಸಿಗಲ್ಲ. ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಕೂಡ ಹಾಗೇ, ಆ ಕಡೆಯೂ ಒಂದು ಆರ್‌ಸಿಂಕ್ ಎದ್ದೇಳಬೇಕು. ಅದಕ್ಕೆ "--ಆರ್‌ಸಿಂಕ್-ಪಾತ್" ಅನ್ನುವ ಆಯ್ಕೆ ಇದೆ, ಗಿಟ್‌ಗೂ ರಿಮೋಟ್ ಸೆಟ್ಟಿಂಗಿನಲ್ಲಿ ಅಪ್‌ಲೋಡ್-ಪ್ಯಾಕ್, ರಿಸೀವ್-ಪ್ಯಾಕ್ ದಾರಿ ಕೊಡಬಹುದು. ಆದರೆ ಪ್ರತಿ ಕ್ಲೈಂಟ್‌ನಲ್ಲೂ ಅದನ್ನು ಬರೆಯುತ್ತಾ ಕೂರುವುದಕ್ಕಿಂತ ಸರ್ವರ್‌ನ ಪಾತ್ ಒಂದನ್ನು ಸರಿ ಮಾಡುವುದು ವಾಸಿ.

ಆದರೆ ಕಾವಲಿನ ಮೇಲೆ ಎನ್‌ವಿಎಂ.ಎಸ್‌ಎಚ್ ಸೋರ್ಸ್ ಮಾಡಬೇಡಿ. ಅದು ನಿಧಾನ. ಪ್ರತಿ ಆರ್‌ಸಿಂಕ್, ಪ್ರತಿ ಗಿಟ್ ಪುಲ್, ಪ್ರತಿ ಫೈಲ್ ಕಾಪಿಗೂ ಆ ನಿಧಾನ ಸೇರಿಕೊಳ್ಳುತ್ತೆ. ಮೇಲೆ ಬರೀ ಪಾತ್ ಸಾಲು ಇರಲಿ.

ಕಣಲೆಕ್ಕ

ನಾನು ಕ್ಲಸ್ಟರ್ ಮೇಲೆ ಕೆಲಸ ಮಾಡುವವಳು. ನಮ್ಮ ಕಡೆ ಈ ಸಮಸ್ಯೆ "ಆರ್ಟೆಡ್: ಕಮಾಂಡ್ ನಾಟ್ ಫೌಂಡ್" ಅನ್ನುವ ರೂಪದಲ್ಲಿ ಬರುತ್ತೆ. ಓಪನ್ ಎಂಪಿಐ (ಒಂದು ಲೆಕ್ಕವನ್ನು ಹಲವು ಮಷೀನ್‌ಗಳಲ್ಲಿ ಓಡಿಸುವ ಲೈಬ್ರರಿ) 4ರವರೆಗಿನ ಆವೃತ್ತಿಗಳಲ್ಲಿ ಎಂಪಿಐರನ್ ಕೊಟ್ಟಾಗ, ಶೆಡ್ಯೂಲರ್ ಇಲ್ಲದಿದ್ದರೆ, ಅದು ಎಸ್‌ಎಸ್‌ಎಚ್ ಮೂಲಕ ಕ್ಲಸ್ಟರಿನ ಪ್ರತಿ ಮಷೀನ್‌ಗೂ ಹೋಗಿ ಆರ್ಟೆಡ್ ಅನ್ನುವ ಸಣ್ಣ ಡೀಮನ್ ಎಬ್ಬಿಸುತ್ತೆ. ಎಂಪಿಐ ದಾರಿಗಳನ್ನು ಕೊಡುವ ಮಾಡ್ಯೂಲ್ ಲೋಡ್ ಮಾಡಿದ್ದು ನಮ್ಮ ಇಂಟರಾಕ್ಟಿವ್ ಶೆಲ್‌ನಲ್ಲಿ. ಅಲ್ಲಿ ಎದ್ದ ಶೆಲ್‌ಗೆ ಅದರ ಸುದ್ದಿಯೇ ಇಲ್ಲ. ಪಾತ್ ಸರಿಹೋದ ಮೇಲೂ ಲೈಬ್ರರಿ ದಾರಿ, ಅಂದರೆ ಎಲ್‌ಡಿ_ಲೈಬ್ರರಿ_ಪಾತ್, ಬಾಕಿ ಉಳಿಯುತ್ತೆ. ಎಂಪಿಐರನ್‌ಗೆ "--ಪ್ರಿಫಿಕ್ಸ್" ಕೊಟ್ಟರೆ ಎರಡನ್ನೂ ಅದೇ ಆ ಕಡೆ ಕಟ್ಟಿಕೊಡುತ್ತೆ. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನ.

ಅಕ್ಷರಪ್ರೀತಿ

ಕಾವಲು ಯಾಕೆ ಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಉದಾಹರಣೆ ಇದೆ. ಸಂಬಂಧ ಇದೆಯಾ ಹೇಳಿ. ನಮ್ಮ ಸರ್ವರ್‌ನಲ್ಲಿ .ಬ್ಯಾಶ್‌ಆರ್‌ಸಿಯ ಮೊದಲ ಸಾಲಿನಲ್ಲೇ ಯಾರೋ "ಎಕೋ ನಮಸ್ಕಾರ" ಅಂತ ಬರೆದಿದ್ದಾರೆ. ಎಸ್‌ಎಸ್‌ಎಚ್ ಚೆನ್ನಾಗಿ ಓಡುತ್ತೆ. ಫೈಲ್ ಕಳಿಸುವ ಎಸ್‌ಎಫ್‌ಟಿಪಿ ಮಾತ್ರ "ರಿಸೀವ್ಡ್ ಮೆಸೇಜ್ ಟೂ ಲಾಂಗ್ 3769805024" ಅಂತ ಹೇಳಿ ಬಾಗಿಲು ಹಾಕಿಕೊಳ್ಳುತ್ತೆ. ಅಷ್ಟು ದೊಡ್ಡ ಮೆಸೇಜ್ ಎಲ್ಲಿಂದ ಬಂತು?

ಹಳೇಬೇರು

ಸಂಬಂಧ ಇದೆ ಅಂತಲ್ಲ, ವಿಷಯವೇ ಅದು! ಆ ಸಂಖ್ಯೆ ಏನು ಗೊತ್ತಾ? ನಿಮ್ಮ "ನಮಸ್ಕಾರ"ವೇ.

ಎಸ್‌ಎಫ್‌ಟಿಪಿಯಲ್ಲಿ ಪ್ರತಿ ಸಂದೇಶದ ಮೊದಲ 4 ಬೈಟ್ ಆ ಸಂದೇಶದ ಉದ್ದ ಹೇಳುತ್ತವೆ. ಎಸ್‌ಎಫ್‌ಟಿಪಿ ಸರ್ವರ್ ಏಳುವ ಮೊದಲೇ .ಬ್ಯಾಶ್‌ಆರ್‌ಸಿ ಅದೇ ಪೈಪಿನಲ್ಲಿ "ನಮಸ್ಕಾರ" ಅಂತ ಉಗುಳಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೆ 3 ಬೈಟ್. "ನ" ಅಂದರೆ 224, 178, 168. ಅದರ ಮುಂದಿನ "ಮ"ದ ಮೊದಲ ಬೈಟ್ ಮತ್ತೆ 224. ಈ ನಾಲ್ಕನ್ನೂ ಸೇರಿಸಿ ಒಂದು 32 ಬಿಟ್ ಸಂಖ್ಯೆಯಾಗಿ ಓದಿ: 3769805024. ಕ್ಲೈಂಟ್ ಅದನ್ನು ಉದ್ದ ಅಂದುಕೊಂಡಿತು. ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಒಪ್ಪುವ ಗರಿಷ್ಠ ಉದ್ದ 262144 ಬೈಟ್. ಅದಕ್ಕೇ ಕೈಚೆಲ್ಲಿತು.

ಸಾಲು ಇಂಗ್ಲಿಷ್ ಅಕ್ಷರದ "ವೆಲ್‌ಕಮ್" ಆಗಿದ್ದರೆ, ಮೊದಲ ಅಕ್ಷರ ದೊಡ್ಡದಿದ್ದರೆ, 1466264675 ಬರುತ್ತಿತ್ತು. ಸಾಲು ಕನ್ನಡ ಅಕ್ಷರದಿಂದ ಶುರುವಾದರೆ ಸಂಖ್ಯೆ 3769ರಿಂದಲೇ ಶುರುವಾಗುತ್ತೆ. ನಮ್ಮ ಲಿಪಿ ಯೂನಿಕೋಡ್‌ನಲ್ಲಿ ಕೂತಿರುವ ಜಾಗ ಅಂಥದ್ದು. ಹಾಗಾಗಿ ಆ ಸಂಖ್ಯೆಯನ್ನು ನಾಲ್ಕು ಬೈಟಾಗಿ ಒಡೆದು ನೋಡಿದರೆ ಯಾವ ಸಾಲು ಕಾಟ ಕೊಡುತ್ತಿದೆ ಅಂತ ಹೆಚ್ಚುಕಡಿಮೆ ಓದಿಯೇ ಹೇಳಬಹುದು.

ಆ ಸಾಲನ್ನು ಕಾವಲಿನ ಕೆಳಗೆ ಇಳಿಸಿ, ಸಾಕು. ನಮಸ್ಕಾರ ಹೇಳುವುದು ಒಳ್ಳೆಯದೇ, ಮನುಷ್ಯರಿಗೆ ಮಾತ್ರ ಹೇಳಲಿ.

ಅಕ್ಷರಪ್ರೀತಿ

ಕೆಳಗೆ ಇಳಿಸಿದೆ, ಎಸ್‌ಎಫ್‌ಟಿಪಿ ತೆರೆಯಿತು. ಫೈಲ್ ಕಾಪಿ ಮಾಡುವ ಎಸ್‌ಸಿಪಿಯೂ ಇದೇ ಕಾರಣಕ್ಕೆ ಕೆಡುತ್ತಿತ್ತಾ?

ಹಳೇಬೇರು

ಹೌದು. ಓಪನ್‌ಎಸ್‌ಎಸ್‌ಎಚ್ 9.0, ಅಂದರೆ 2022ರಿಂದ ಎಸ್‌ಸಿಪಿ ಕಮಾಂಡ್ ಕೂಡ ಒಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುತ್ತೆ. ಹಳೆಯ ವಿಧಾನ ಬೇಕಿದ್ದರೆ ದೊಡ್ಡ ಓ ಆಯ್ಕೆ ಕೊಡಬೇಕು. ಅದೂ ಶೆಲ್ ಮೂಲಕವೇ ಹೋಗುವುದು, ಅಲ್ಲಿಯೂ ಶಬ್ದ ಮಾಡಬಾರದು. ಆರ್‌ಸಿಂಕ್ ಇದೇ ದೂರನ್ನು ಬೇರೆ ಮಾತಿನಲ್ಲಿ ಹೇಳುತ್ತೆ: "ಪ್ರೋಟೋಕಾಲ್ ವರ್ಷನ್ ಮಿಸ್‌ಮ್ಯಾಚ್, ಈಸ್ ಯುವರ್ ಶೆಲ್ ಕ್ಲೀನ್?" ಇದನ್ನು ನೋಡಿ ಎರಡೂ ಕಡೆ ಆರ್‌ಸಿಂಕ್ ಆವೃತ್ತಿ ಬದಲಾಯಿಸಲು ಹೊರಡುವವರಿದ್ದಾರೆ. ಆ ಪ್ರಶ್ನೆಯ ಕೊನೆಯ ಭಾಗವೇ ಉತ್ತರ.

ಪರೀಕ್ಷೆ ಸುಲಭ. "ಎಸ್‌ಎಸ್‌ಎಚ್ ಸರ್ವರ್ /ಬಿನ್/ಟ್ರೂ" ಕೊಟ್ಟು ಔಟ್‌ಪುಟ್ಟನ್ನು ಒಂದು ಫೈಲ್‌ಗೆ ತಿರುಗಿಸಿ. ಆ ಫೈಲಿನ ಗಾತ್ರ ಸೊನ್ನೆ ಇರಬೇಕು. ಒಂದು ಬೈಟ್ ಇದ್ದರೂ ಯಾವುದೋ ಸ್ಟಾರ್ಟಪ್ ಫೈಲ್ ಬಾಯಿ ತೆರೆದಿದೆ ಅಂತಲೇ.

ಜೋಳದಹೊಲ

ಇದಕ್ಕೆ ಒಂದು ಸೇರಿಸುತ್ತೇನೆ. ಎಸ್‌ಎಸ್‌ಎಚ್‌ಡಿ ಸೆಟ್ಟಿಂಗಿನಲ್ಲಿ ಸಬ್‌ಸಿಸ್ಟಮ್ ಸಾಲು "ಇಂಟರ್ನಲ್-ಎಸ್‌ಎಫ್‌ಟಿಪಿ" ಅಂತ ಇದ್ದರೆ ಯೂಸರ್‌ನ ಶೆಲ್ ನಡುವೆ ಬರುವುದೇ ಇಲ್ಲ. ಬರೀ ಫೈಲ್ ಹಾಕಲು, ತೆಗೆಯಲು ಬರುವ ಯೂಸರ್‌ಗಳಿಗೆ ಅದೇ ಸರಿ.

ಮರವಂತೆ

ನನ್ನದು ಮ್ಯಾಕ್ ಮಿನಿ, ಆಪಲ್ ಸಿಲಿಕಾನ್. ಮನೆಯಲ್ಲಿ ಬಿಲ್ಡ್ ಮಷೀನ್ ಮಾಡಿಕೊಂಡಿದ್ದೇನೆ. ಅಲ್ಲಿ .ಬ್ಯಾಶ್‌ಆರ್‌ಸಿ ಇಲ್ಲವೇ ಇಲ್ಲ, ಶೆಲ್ ಝೆಡ್‌ಎಸ್‌ಎಚ್. ಹೋಮ್‌ಬ್ರೂನಲ್ಲಿ (ಮ್ಯಾಕ್‌ಗೆ ಪ್ರೋಗ್ರಾಮ್ ಹಾಕುವ ಸಾಧನ) ಹಾಕಿದ ಯಾವುದೂ ರಿಮೋಟ್ ಕಮಾಂಡ್‌ಗೆ ಸಿಗಲ್ಲ. ಮೇಲಿನ ಸಲಹೆ ನನಗೂ ಹೊಂದುತ್ತಾ?

ಹಳೇಬೇರು

ತತ್ವ ಅದೇ, ಫೈಲ್ ಬೇರೆ. ಮ್ಯಾಕ್‌ಓಎಸ್ ಕೆಟಲಿನಾದಿಂದ, ಅಂದರೆ 2019ರಿಂದ, ಹೊಸ ಯೂಸರ್‌ಗೆ ಝೆಡ್‌ಎಸ್‌ಎಚ್ ಸಿಗುತ್ತೆ. ನೇರವಾಗಿ ಹೇಳಬೇಕಂದರೆ ಈ ವಿಷಯದಲ್ಲಿ ಅದು ಬ್ಯಾಶ್‌ಗಿಂತ ಸ್ಪಷ್ಟ. .ಝೆಡ್‌ಎಸ್‌ಎಚ್‌ಎನ್ವ್ ಯಾವ ಶೆಲ್ ಎದ್ದರೂ ಓದಲಾಗುತ್ತೆ. .ಝೆಡ್‌ಪ್ರೊಫೈಲ್ ಲಾಗಿನ್‌ಗೆ, .ಝೆಡ್‌ಎಸ್‌ಎಚ್‌ಆರ್‌ಸಿ ಇಂಟರಾಕ್ಟಿವ್‌ಗೆ. ಊಹೆ, ವಿನಾಯಿತಿ ಇಲ್ಲ. ಹೋಮ್‌ಬ್ರೂ ತನ್ನ ಸಾಲನ್ನು .ಝೆಡ್‌ಪ್ರೊಫೈಲ್‌ಗೆ ಹಾಕಲು ಹೇಳುತ್ತೆ, ರಿಮೋಟ್ ಕಮಾಂಡ್ ಅದನ್ನು ಓದಲ್ಲ. /ಆಪ್ಟ್/ಹೋಮ್‌ಬ್ರೂ/ಬಿನ್ ಅನ್ನು .ಝೆಡ್‌ಎಸ್‌ಎಚ್‌ಎನ್ವ್‌ನಲ್ಲಿ ಪಾತ್‌ಗೆ ಸೇರಿಸಿ.

ಒಂದು ಎಚ್ಚರಿಕೆ. ಲಾಗಿನ್ ಶೆಲ್ ಆದಾಗ ಮ್ಯಾಕ್‌ನ /ಇಟಿಸಿ/ಝೆಡ್‌ಪ್ರೊಫೈಲ್ ಪಾತ್_ಹೆಲ್ಪರ್ ಅನ್ನುವುದನ್ನು ಓಡಿಸಿ ಪಾತ್‌ನ ಕ್ರಮವನ್ನೇ ಬದಲಿಸುತ್ತೆ, ಸಿಸ್ಟಮ್ ಡೈರೆಕ್ಟರಿಗಳನ್ನು ಮುಂದೆ ತರುತ್ತೆ. ಹಾಗಾಗಿ .ಝೆಡ್‌ಪ್ರೊಫೈಲ್‌ನಲ್ಲಿರುವ ಹೋಮ್‌ಬ್ರೂ ಸಾಲನ್ನು ತೆಗೆಯಬೇಡಿ. ಎರಡೂ ಕಡೆ ಇರಲಿ.

ಫಿಶ್ ಶೆಲ್ ಬಳಸುವವರು ಯಾರಾದರೂ ಇದ್ದರೆ: ಅಲ್ಲಿ ಕಾನ್ಫಿಗ್.ಫಿಶ್ ಯಾವಾಗಲೂ ಓದಲಾಗುತ್ತೆ. ಕಾವಲನ್ನು ನೀವೇ "ಸ್ಟೇಟಸ್ ಈಸ್-ಇಂಟರಾಕ್ಟಿವ್" ಅಂತ ಹಾಕಿಕೊಳ್ಳಬೇಕು.

ತುಂಗಾತೀರ

ನಾನು ಮಾಡಿದ್ದು: .ಲೋಕಲ್/ಬಿನ್ ಅನ್ನು ಕಾವಲಿನ ಮೇಲೆ ಪಾತ್‌ಗೆ ಸೇರಿಸಿದೆ. ಕೋಡ್ ಏರಿಸುವ ಸ್ಕ್ರಿಪ್ಟಿನಲ್ಲಿ ಎನ್‌ವಿಎಂ.ಎಸ್‌ಎಚ್ ಸೋರ್ಸ್ ಮಾಡಿದೆ. .ಪ್ರೊಫೈಲ್‌ಗೆ ಹಾಕಿದ ಸಾಲುಗಳನ್ನು ತೆಗೆದೆ. ಪಿಎಂ2 ರೀಲೋಡ್ ಆಗುತ್ತಿದೆ. ಇಬ್ಬರಿಗೂ ಥ್ಯಾಂಕ್ಸ್.

ಒಂದು ಸಣ್ಣ ಅನುಮಾನ ಉಳಿದಿದೆ. ನಡುವೆ "ಎಸ್‌ಎಸ್‌ಎಚ್ -ಟಿ" ಕೊಟ್ಟು ನೋಡಿದೆ, ಟರ್ಮಿನಲ್ ಸಿಕ್ಕರೆ ಇಂಟರಾಕ್ಟಿವ್ ಆಗುತ್ತೆ ಅಂತ ಎಲ್ಲೋ ಓದಿದ್ದೆ. ಆಗಲಿಲ್ಲ. ಆಮೇಲೆ "ಎಸ್‌ಎಸ್‌ಎಚ್ ಸರ್ವರ್ ಬ್ಯಾಶ್ -ಎಲ್‌ಸಿ 'ನೋಡ್ -ವಿ'" ಕೊಟ್ಟರೆ ದೂರೂ ಇಲ್ಲ, ಆವೃತ್ತಿಯೂ ಇಲ್ಲ, ಸುಮ್ಮನೆ ಕಾಯುತ್ತಾ ನಿಂತಿತು. ಆಗ ಎನ್‌ವಿಎಂ ಸಾಲುಗಳು .ಪ್ರೊಫೈಲ್‌ನಲ್ಲಿ ಇದ್ದವು.

ಜೋಳದಹೊಲ

-ಟಿ ಟರ್ಮಿನಲ್ ಕೊಡುತ್ತೆ ಅಷ್ಟೇ. ಆ ಕಡೆ ಓಡುವುದು ಆಗಲೂ "ಬ್ಯಾಶ್ -ಸಿ". -ಸಿ ಇದ್ದರೆ, -ಐ ಅಂತ ಬೇರೆಯಾಗಿ ಕೊಡದ ಹೊರತು, ಬ್ಯಾಶ್ ತನ್ನನ್ನು ಇಂಟರಾಕ್ಟಿವ್ ಅಂದುಕೊಳ್ಳಲ್ಲ.

ಎರಡನೆಯದು ಕೋಟ್‌ನ ಆಟ. ನೀವು ಹಾಕಿದ ಸಿಂಗಲ್ ಕೋಟ್ ನಿಮ್ಮ ಲ್ಯಾಪ್‌ಟಾಪಿನ ಶೆಲ್‌ನಲ್ಲೇ ಖರ್ಚಾಗಿಹೋಯಿತು. ಎಸ್‌ಎಸ್‌ಎಚ್ ಉಳಿದ ಪದಗಳನ್ನು ನಡುವೆ ಸ್ಪೇಸ್ ಇಟ್ಟು ಒಂದೇ ದಾರದಲ್ಲಿ ಪೋಣಿಸಿ ಕಳಿಸುತ್ತೆ. ಆ ಕಡೆ ತಲುಪಿದ್ದು "ಬ್ಯಾಶ್ -ಎಲ್‌ಸಿ ನೋಡ್ -ವಿ". ಬ್ಯಾಶ್‌ಗೆ -ಸಿ ಆದಮೇಲೆ ಬರುವ ಒಂದೇ ಪದ ಕಮಾಂಡ್. ಅಂದರೆ ಬರೀ "ನೋಡ್". "-ವಿ" ಅನ್ನುವುದು $0 ಆಗಿ ಕೂತಿತು. ನೋಡ್ ಎದ್ದು, ನೀವು ಏನಾದರೂ ಟೈಪ್ ಮಾಡ್ತೀರಿ ಅಂತ ಕಾಯುತ್ತಿತ್ತು.

ಪೂರ್ತಿ ಕಮಾಂಡಿಗೆ ಹೊರಗೊಂದು ಡಬಲ್ ಕೋಟ್ ಹಾಕಿ, ಒಳಗಿನ ಸಿಂಗಲ್ ಕೋಟ್ ಆ ಕಡೆಗೆ ಹಾಗೇ ತಲುಪುತ್ತೆ: ಎಸ್‌ಎಸ್‌ಎಚ್ ಸರ್ವರ್ "ಬ್ಯಾಶ್ -ಎಲ್‌ಸಿ 'ನೋಡ್ -ವಿ'". ಒಳಗೆ ಡಾಲರ್ ಚಿಹ್ನೆ ಇದ್ದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಬೇಕು.

ಮರವಂತೆ

/ಇಟಿಸಿ/ಎನ್ವಿರಾನ್ಮೆಂಟ್ ಫೈಲ್‌ಗೆ ಪಾತ್ ಹಾಕಿದರೆ ಇದೆಲ್ಲ ತಪ್ಪುತ್ತಲ್ವಾ? ಆಫೀಸಿನ ಉಬುಂಟು ಮಷೀನ್‌ಗಾಗಿ ಕೇಳ್ತಿದ್ದೇನೆ.

ಹಳೇಬೇರು

ಉಬುಂಟುವಿನಲ್ಲಿ ನಡೆಯುತ್ತೆ. ಅದನ್ನು ಓದುವುದು ಶೆಲ್ ಅಲ್ಲ, ಪ್ಯಾಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ). ತುಂಗಾತೀರ ಅವರ ಪಾತ್‌ನಲ್ಲಿ /ಸ್ನ್ಯಾಪ್/ಬಿನ್ ಕಂಡಿತಲ್ಲ, ಅದು ಅಲ್ಲಿಂದಲೇ ಬಂದದ್ದು. ಆದರೆ ಅದು ಶೆಲ್ ಸ್ಕ್ರಿಪ್ಟ್ ಅಲ್ಲ. "ಪಾತ್=$ಹೋಮ್/ಬಿನ್:$ಪಾತ್" ಅಂತ ಬರೆದರೆ ಡಾಲರ್ ಬಿಚ್ಚಿಕೊಳ್ಳಲ್ಲ, ಆ ಅಕ್ಷರಗಳೇ ಪಾತ್ ಆಗಿಬಿಡುತ್ತವೆ. ಆಮೇಲೆ ಎಲ್‌ಎಸ್ ಕೂಡ ಸಿಗದೆ ಎಲ್ಲ ಯೂಸರ್‌ಗಳೂ ಒಟ್ಟಿಗೆ ಪರದಾಡುತ್ತಾರೆ. ಪೂರ್ತಿ ದಾರಿಗಳನ್ನೇ ಬರೆಯಿರಿ, ತಿದ್ದುವಾಗ ಇನ್ನೊಂದು ರೂಟ್ ಸೆಷನ್ ತೆರೆದಿಟ್ಟುಕೊಳ್ಳಿ.

ಹೋಮ್ ಒಳಗಿನ .ಎಸ್‌ಎಸ್‌ಎಚ್/ಎನ್ವಿರಾನ್ಮೆಂಟ್ ಅನ್ನುವ ಫೈಲ್ ಕೂಡ ಇದೆ. ಅದಕ್ಕೆ ಎಸ್‌ಎಸ್‌ಎಚ್‌ಡಿ ಕಡೆ "ಪರ್ಮಿಟ್‌ಯೂಸರ್‌ಎನ್ವಿರಾನ್ಮೆಂಟ್" ಆನ್ ಆಗಿರಬೇಕು, ಮಾಮೂಲಾಗಿ ಅದು ಆಫ್. ಆನ್ ಮಾಡಿದರೆ ಯೂಸರ್ ಎಲ್‌ಡಿ_ಪ್ರಿಲೋಡ್‌ನಂಥ ವೇರಿಯಬಲ್ ಕೊಟ್ಟು ಕಟ್ಟುಪಾಡು ತಪ್ಪಿಸಿಕೊಳ್ಳಲು ದಾರಿಯಾಗುತ್ತೆ. ಹಂಚಿಕೊಂಡು ಬಳಸುವ ಮಷೀನ್‌ನಲ್ಲಿ ನಾನು ಅದನ್ನು ಮುಟ್ಟಲ್ಲ. ಅಡ್ಮಿನ್ ನೀವೇ ಆಗಿದ್ದರೆ ಓಪನ್‌ಎಸ್‌ಎಸ್‌ಎಚ್ 7.8ರಿಂದ ಬಂದಿರುವ "ಸೆಟ್‌ಎನ್ವ್" ನೋಡಿ. ಎಸ್‌ಎಸ್‌ಎಚ್‌ಡಿ ಸೆಟ್ಟಿಂಗಿನಲ್ಲೇ ವೇರಿಯಬಲ್ ಕೊಡಬಹುದು, ಮ್ಯಾಚ್ ಬ್ಲಾಕ್ ಒಳಗೆ ಒಬ್ಬ ಯೂಸರ್‌ಗೆ ಮಾತ್ರ ಅಂತಲೂ ಬರೆಯಬಹುದು. ಬದಲಾಯಿಸಿದ ಮೇಲೆ "ಎಸ್‌ಎಸ್‌ಎಚ್‌ಡಿ -ಟಿ" ಕೊಟ್ಟು ಫೈಲ್ ಸರಿಯಿದೆಯಾ ನೋಡಿ, ಆಮೇಲೆ ರೀಲೋಡ್ ಮಾಡಿ.